ಮನೆ ಮೇಲೇಳುವ ಕಾಲ

ಸಂಕ್ರಾಂತಿ ಕಳೆದು ಗಾಳಿ ದಿಕ್ಕು ಬದಲಿಸಿದ ಮೇಲೆ ನಮ್ಮೂರಿನ ಮನೆಗಳು ಮೇಲೇಳುತ್ತವೆ. ಒಂದೇ ಸಲಕ್ಕಲ್ಲ. ಮೊದಲು ಗೋಡೆಯ ಬುಡದಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ, ಅದು ಬೆಕ್ಕು ನುಸುಳುವಷ್ಟಾಗುತ್ತದೆ, ಆಮೇಲೊಂದು ಬೆಳಿಗ್ಗೆ ಎದ್ದು ನೋಡಿದರೆ ಊರಿಗೆ ಊರೇ ತೆಂಗಿನ ಮರಗಳ ತಲೆಯ ಮೇಲೆ ನಿಂತಿರುತ್ತದೆ. ಪ್ರತಿ ಮನೆಗೂ ಕೆಳಗಿನ ಕಟ್ಟೆಯಿಂದ ಒಂದು ಸರಪಳಿ, ಸರಪಳಿಯ ಪಕ್ಕ ಹಗ್ಗದ ಏಣಿ, ಮನೆಯಿಂದ ಮನೆಗೆ ಹಲಗೆಯ ಸೇತುವೆ. ಯುಗಾದಿಯ ಹೊತ್ತಿಗೆ ಬೇವು ಚಿಗುರಿದಾಗ ಎಲ್ಲವೂ ಇಳಿದು ತಂತಮ್ಮ ಕಟ್ಟೆಯ ಮೇಲೆ ಕೂರುತ್ತವೆ. ಅಲ್ಲಿಯವರೆಗೆ ಮನೆಯವರಲ್ಲಿ ಒಬ್ಬರಾದರೂ ರಾತ್ರಿ ಅಲ್ಲಿ ಮಲಗಬೇಕು. ಯಾರೂ ಮಲಗದ ಮನೆ ಸರಪಳಿ ಕಿತ್ತುಕೊಂಡು ಹೋಗಿಬಿಡುತ್ತದೆ. ಕಂಬಾರರ ಓಣಿಯ ತುದಿಯಲ್ಲಿ ಹಾಗೆ ಹೋದ ಒಂದು ಮನೆಯ ಕಟ್ಟೆ ಮಾತ್ರ ಉಳಿದಿದೆ. ಅದರ ಮೇಲೆ ಈಗ ಮೆಣಸಿನಕಾಯಿ ಒಣಹಾಕುತ್ತಾರೆ.

ನಾನು ಮನೆಗಳು ಇದ್ದಲ್ಲೇ ಇರುವ ಊರಿನಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ಹೆಸರು ದಾವಲಬಿ. ಗಂಡ ಮೌಲಾಸಾಬ ಪೇಟೆಯಲ್ಲಿ ಗಾದಿ ತುಂಬುತ್ತಾನೆ. ಅಂಗಡಿಗಳು ಏಳುವುದಿಲ್ಲ, ಏಳುವುದು ಮನೆಗಳು ಮಾತ್ರ. ಅವನ ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಒಂದು ಎಳೆ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯುವುದು ನನ್ನ ಕೆಲಸ ಎಂದು ಮದುವೆಯಾದ ಹೊಸದರಲ್ಲೇ ನಿರ್ಧಾರ ಮಾಡಿಕೊಂಡಿದ್ದೆ.

ಮೊದಲ ವರ್ಷ ಏಣಿ ಹತ್ತಲು ಹೋದೆ. ಕೆಲವು ಮೆಟ್ಟಿಲು ಏರುವಷ್ಟರಲ್ಲಿ ಅಂಗಾಲಲ್ಲಿ ಇರುವೆ ಹರಿದಂತಾಯಿತು, ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತು. ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಬರಲಾರೆ. ನಾಲ್ಕು ಜನ ಸೇರಿ ನನ್ನ ಬೆರಳುಗಳನ್ನು ಹಗ್ಗದಿಂದ ಬಿಡಿಸಿದರು. ಇನ್ನೊಮ್ಮೆ ಬುಟ್ಟಿಯಲ್ಲಿ ಕೂರಿಸಿ ಎಳೆಯಲು ನೋಡಿದರು. ಕೆಳಗೆ ನಿಂತವರ ಮೇಲೆ ವಾಂತಿ ಮಾಡಿಕೊಂಡೆ. ಅಲ್ಲಿಗೆ ಮುಗಿಯಿತು. ನನ್ನಂಥವರಿಗೆಂದೇ ಪೇಟೆಯ ಪಕ್ಕ ತಳಮನೆ ಎಂಬ ದೊಡ್ಡ ಹಜಾರವಿದೆ. ಮಂಡಿ ಹೋದ ಮುದುಕಿಯರು, ಬಸುರಿಯರು, ಕಾಲು ಮುರಿದವರು, ಅವರ ನಡುವೆ ಗಟ್ಟಿಮುಟ್ಟಾದ ನಾನು. ಪ್ರತಿ ವರ್ಷ ಆ ಗಾಳಿಯ ಕಾಲದಲ್ಲಿ ನನ್ನ ಮನೆಯನ್ನು ನಾನು ನೋಡುತ್ತಿದ್ದುದು ಅದರ ಅಡಿಯಿಂದ. ಅಡಿಗೆಮನೆಯ ನೆಲದ ಕೆಳಗೆ ಒಂದು ಜೇನುಗೂಡಿತ್ತು, ಅದು ನನಗೆ ಮಾತ್ರ ಗೊತ್ತಿತ್ತು.

ಆಗ ಅತ್ತೆ ಬದುಕಿದ್ದಳು, ಮೇಲೆ ಅವಳು ಮಲಗುತ್ತಿದ್ದಳು. ಮೌಲಾಸಾಬ ನನ್ನ ಜೊತೆ ತಳಮನೆಯಲ್ಲೇ ಉಳಿಯುತ್ತಿದ್ದ. "ಹೇಣ್ತಿ ಕೆಳಗ ಇದ್ದಮ್ಯಾಲ ನಂಗೇನ ಕೆಲಸ ಐತಿ ಮ್ಯಾಲ?" ಎನ್ನುತ್ತಿದ್ದ. ಮುದುಕಿಯರು ಗಲ್ಲಕ್ಕೆ ಕೈ ಹಚ್ಚಿ ನನ್ನ ಪುಣ್ಯವನ್ನು ಕೊಂಡಾಡುತ್ತಿದ್ದರು. ನಾನು ಬೀಗುತ್ತಿದ್ದೆ. ಊರಿನ ಗಂಡಸರೆಲ್ಲ ಮೇಲೆ ಹೋಗಿ ತಣ್ಣನೆಯ ಗಾಳಿಗೆ ಕಾಲು ಚಾಚಿದರೆ ನನ್ನ ಗಂಡ ನನಗಾಗಿ ಸೊಳ್ಳೆ ಕಚ್ಚಿಸಿಕೊಂಡು ಬಿದ್ದಿರುತ್ತಾನೆ, ಇದಕ್ಕಿಂತ ಹೆಚ್ಚಿನದು ಯಾವ ಹೆಂಗಸಿಗೆ ಬೇಕು?

ಅತ್ತೆ ತೀರಿಕೊಂಡ ವರ್ಷ ಅವನೇ ಹತ್ತಬೇಕಾಯಿತು. ಏಣಿಯ ಬುಡದಲ್ಲಿ ಬಹಳ ಹೊತ್ತು ನಿಂತು ನನ್ನನ್ನೇ ನೋಡಿದ. ಬಿಟ್ಟು ಹೋಗಲು ಸಂಕಟವಾಗುತ್ತಿದೆ ಎಂದುಕೊಂಡು ನಾನು ಕಣ್ಣೊರೆಸಿಕೊಂಡೆ. ಶುರುವಿನಲ್ಲಿ ಕತ್ತಲಾಗುವವರೆಗೂ ಕೆಳಗೇ ಇದ್ದು ಹೋಗುತ್ತಿದ್ದ. ಬರಬರುತ್ತಾ ದೀಪ ಹಚ್ಚುವ ಮೊದಲೇ ಹೊರಟ. ಮುಂದಿನ ವರ್ಷ ನಾಲ್ಕು ಗಂಟೆಗೇ ಅಂಗಡಿಗೆ ಬೀಗ ಹಾಕತೊಡಗಿದ. ಕೇಳಿದರೆ, "ಗಾಳಿ ಏಳೂದ್ರಾಗ ಹೋಗಬೇಕ," ಎಂದು ಕೈ ಬೀಸಿ ನಡೆದುಬಿಡುತ್ತಿದ್ದ.

ನಮ್ಮ ಮನೆಯ ಪಕ್ಕದ ಮನೆ ಕಸ್ತೂರಿಯದು. ಗಂಡನನ್ನು ಬಿಟ್ಟು ಬಂದು ತವರಿನ ಮನೆಯಲ್ಲಿ ಒಬ್ಬಳೇ ಇದ್ದಳು, ಜಂಪರು ಹೊಲಿಯುತ್ತಿದ್ದಳು. ಎತ್ತರದ ಹೆಂಗಸು. ಹಲಗೆಯ ಮೇಲೆ ಕೊಡ ಹೊತ್ತುಕೊಂಡು, ಬಾಯಲ್ಲಿ ಎಲೆಯಡಿಕೆ ಮೆಲ್ಲುತ್ತ, ಕೆಳಗೆ ಯಾರೋ ಕರೆದರೆ ನಡು ತಿರುಗಿಸಿ ಉತ್ತರ ಕೊಡುತ್ತ ನಡೆಯುವಳು. ಅವಳ ಪಾದದ ಅಡಿ ನನಗೆ ಕೆಳಗಿನಿಂದ ಕಾಣುತ್ತಿತ್ತು. ಅದೂ ಚೆಂದವಿತ್ತು.

ಮೌಲಾಸಾಬ ದಿನಾ ಮಧ್ಯಾಹ್ನ ನನಗೆ ಬುತ್ತಿ ತಂದುಕೊಡುತ್ತಿದ್ದ. ಅವನು ತಟ್ಟಿದ ರೊಟ್ಟಿ ಯಾವ ಆಕಾರದಲ್ಲೂ ಇರುತ್ತಿರಲಿಲ್ಲ, ಒಂದು ಮೂಲೆ ದಪ್ಪ, ಒಂದು ಮೂಲೆ ಕರಕು. ನಾನು ನಗುನಗುತ್ತ ತಿನ್ನುತ್ತಿದ್ದೆ. ಈ ಸಲ ಗಾಳಿ ತಿರುಗಿದ ಎರಡನೆಯ ವಾರ ಬುತ್ತಿ ಬಿಚ್ಚಿದರೆ ಒಳಗೆ ಹುಣ್ಣಿಮೆಯ ಚಂದ್ರನಂಥ ರೊಟ್ಟಿ. ಅಂಚು ಒಂದು ಕಡೆಯೂ ಸೀಳಿರಲಿಲ್ಲ. ಮೇಲೆ ಎಳ್ಳು ಬೇರೆ. ತಳಮನೆಯ ಬಸಲಿಂಗವ್ವ ಬಗ್ಗಿ ನೋಡಿ, "ಇದು ಗಂಡಸಿನ ಕೈ ಅಲ್ಲಬಿಡ," ಎಂದಳು.

"ಯಾರು ಬಡದದ್ದು ಇವು?" ಎಂದು ಅವನು ಅಂಗಡಿ ಮುಚ್ಚುವ ಹೊತ್ತಿಗೆ ಕೇಳಿದೆ.

"ಕಸ್ತೂರಿ ಮಾಡಿಕೊಟ್ಟಳು."

"ಆಕಿ ಮನ್ಯಾಗೋ, ನನ್ನ ಮನ್ಯಾಗೋ?"

ಅವನು ಸ್ವಲ್ಪ ತಡೆದು, "ನಮ್ಮ ಮನ್ಯಾಗ," ಎಂದ.

ಆ ತಡೆದದ್ದೇ ನನ್ನನ್ನು ಸುಟ್ಟಿತು. ನನ್ನ ಒಲೆ, ಹಿಟ್ಟು ನಾದುವ ನನ್ನ ಕೊಣಮಿಗೆ, ನನ್ನ ತವರಿನವರು ಕೊಟ್ಟ ಹಂಚು. ಆ ಹೆಂಗಸು ನನ್ನ ಮಣೆಯ ಮೇಲೆ ಕೂತು ಬಳೆ ಹಿಂದಕ್ಕೆ ಸರಿಸಿ ರೊಟ್ಟಿ ಬಡಿಯುತ್ತಾಳೆ, ಇವನು ಗೋಡೆಗೊರಗಿ ನೋಡುತ್ತಾನೆ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಬಸಲಿಂಗವ್ವ ಸುಮ್ಮನಿರುವವಳಲ್ಲ. "ಬೆಣ್ಣಿ ಬೆಂಕಿ ಒಂದ ನೆಲುವಿನ ಮ್ಯಾಲ ಇಟ್ಟು ನೀ ಇಲ್ಲಿ ಕುಂತೀಯಲ್ಲ ಹುಚ್ಚಿ," ಎಂದಳು. ಮರುದಿನ ಅವನು ಅಂಗಡಿ ಮುಚ್ಚಿ ಹತ್ತಿದ ಮೇಲೆ ಮನೆಯ ಅಡಿ ಹೋಗಿ ನಿಂತೆ. ಮೇಲೆ ಕಸ್ತೂರಿ ನಗುವುದು ಕೇಳಿಸಿತು. ಆಮೇಲೆ ಮೌಲಾಸಾಬ ನಕ್ಕ. ಆ ನಗೆ ನಾನು ಕೇಳಿದ ನಗೆಯಲ್ಲ, ಒಂಥರಾ ಸಣ್ಣ, ಉಸಿರು ಕಟ್ಟಿದಂಥ ನಗೆ. ನನ್ನೊಡನೆ ಯಾವತ್ತೂ ಹಾಗೆ ನಕ್ಕಿರಲಿಲ್ಲ. ಏಣಿಗೆ ಕೈ ಹಾಕಿದೆ. ಎರಡನೆಯ ಮೆಟ್ಟಿಲಿಗೇ ಅಂಗಾಲಿನ ಇರುವೆಗಳು ಬಂದವು.

ಪೇಟೆಯ ಆಲದ ಮರದ ಕೆಳಗೆ ಒಂದು ಹಳೆಯ ಟೆಂಪೋ ನಿಲ್ಲುತ್ತಿತ್ತು. ಅದರ ಮೈಮೇಲೆ 'ಪಿರಾಜಿ ಸಾಹಸ ಪ್ರವಾಸ' ಎಂದು ಬರೆದಿತ್ತು. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ಪಿರಾಜಿ ನಿವೃತ್ತನಾದ ಮೇಲೆ ಹೊರಗಿನ ಊರುಗಳ ಜನರನ್ನು ಕೂಡಿಸಿಕೊಂಡು ಕರಿಕಣಿವೆಗೆ ಕರೆದೊಯ್ದು ಬಂಡೆ ಹತ್ತಿಸುತ್ತಿದ್ದ, ಹಗ್ಗದಿಂದ ಇಳಿಸುತ್ತಿದ್ದ. ನಮ್ಮೂರಿನವರು ಅವನನ್ನು ಕಂಡು ನಗುತ್ತಿದ್ದರು. ದಿನಾ ಆಕಾಶದಲ್ಲಿ ಉಣ್ಣುವವರಿಗೆ ಬಂಡೆ ಏನು ಹೊಸದು? ನಾನು ಹೋಗಿ ಅವನ ಎದುರು ನಿಂತೆ.

"ನಂಗ ಎತ್ತರ ಅಂದ್ರ ಅಂಜಿಕಿ ಮಾಸ್ತರ."

"ಇರಲಿ. ಅಂಜಿಕಿ ಇಲ್ಲದವರನ ಕರಕೊಂಡ ಹೋಗಿ ನಾ ಏನ ಮಾಡ್ಲಿ?" ಎಂದ. ತುಟಿಯಲ್ಲಿ ಸೀಟಿ ಇಟ್ಟುಕೊಂಡೇ ಮಾತಾಡುವುದರಿಂದ ಪ್ರತಿ ಮಾತಿನ ಕೊನೆಗೊಂದು ಸಣ್ಣ ಪೀ ಎಂಬ ಸದ್ದು ಬರುತ್ತಿತ್ತು.

ಮೌಲಾಸಾಬನಿಗೆ ಹೇಳಿದಾಗ ಅವನ ಮುಖ ಬಿಳಿಚಿಕೊಂಡಿತು. "ಬ್ಯಾಡ ದಾವಲಬಿ. ನಿನ್ನ ಕೈಲೆ ಆಗೂದಿಲ್ಲ. ಸುಮ್ಮನ ಜೀವ ಯಾಕ ಹಿಂಡಕೋತಿ?" ಎಂದು ಮೆಲ್ಲಗೆ ಹೇಳಿದ. ಬೈದಿದ್ದರೆ ನಿಲ್ಲುತ್ತಿದ್ದೆನೇನೋ. ಆ ಮೆಲುದನಿ ಕೇಳಿ, ನಾನು ಮೇಲೆ ಬರುವುದು ಇವನಿಗೆ ಬೇಕಾಗಿಲ್ಲ ಎಂಬುದು ಖಾತ್ರಿಯಾಯಿತು. ಮರುದಿನ ಬೆಳಿಗ್ಗೆ ಟೆಂಪೋ ಹತ್ತಿದೆ.

ಟೆಂಪೋದಲ್ಲಿ ನನ್ನ ಜೊತೆಗಿದ್ದವರು ಒಬ್ಬ ನಿವೃತ್ತ ಪೋಸ್ಟ್ ಮಾಸ್ತರ ಮತ್ತು ಹೊಸದಾಗಿ ಮದುವೆಯಾದ ಜೋಡಿ. ಆ ಹುಡುಗಿ ಗಂಡನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆ ದಿನಗಳಲ್ಲಿ ಜೋಡಿಯಾಗಿ ಕೂತ ಪಾರಿವಾಳ ಕಂಡರೂ ಕಲ್ಲು ಬೀಸುವ ಮನಸ್ಸಾಗುತ್ತಿತ್ತು.

ಕರಿಕಣಿವೆಯಲ್ಲಿ ಮೊದಲು ಒಂದು ಚಿಕ್ಕ ಬಂಡೆ. ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು. ಅದನ್ನು ಹತ್ತಲು ನನಗೆ ಒಂದು ಇಡೀ ಬೆಳಗು ಬೇಕಾಯಿತು. ಪೋಸ್ಟ್ ಮಾಸ್ತರ ಅಷ್ಟರಲ್ಲಿ ಹತ್ತಿ ಇಳಿದು ಸ್ನಾನ ಮಾಡಿ ಬಂದಿದ್ದ. ಪಿರಾಜಿ ಅವಸರ ಮಾಡಲಿಲ್ಲ, ಧೈರ್ಯ ಹೇಳಲೂ ಇಲ್ಲ, ಕೆಳಗೆ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದ. ಮರುದಿನ ತೂಗುಸೇತುವೆ. ಅದರ ಮೇಲೆ ನಾನು ಮೊದಲ ಸಲ ಅಂಬೆಗಾಲಿಟ್ಟು ಹೋದೆ, ಎರಡನೆಯ ಸಲ ಬಗ್ಗಿ ಹೋದೆ, ಮೂರನೆಯ ಸಲ ನಿಂತು ಹೋದೆ. ನಡುವೆ ಬಂದಾಗ ಕಾಲುಗಳು ನಿಂತುಬಿಡುತ್ತಿದ್ದವು. ಆಗೆಲ್ಲ ನಾನು ಒಂದೇ ಒಂದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ: ಎಳ್ಳು ಹಚ್ಚಿದ, ಅಂಚು ಸೀಳದ ದುಂಡನೆಯ ರೊಟ್ಟಿ. ಕಾಲು ತಾನಾಗಿ ಮುಂದೆ ಹೋಗುತ್ತಿತ್ತು.

ಕೊನೆಗೆ ಕಡಿದಾದ ದೊಡ್ಡ ಬಂಡೆ. ಬಂಡೆಯ ತುದಿಯಲ್ಲಿ ಬೆನ್ನು ಪ್ರಪಾತಕ್ಕೆ ಮಾಡಿ ನಿಲ್ಲಬೇಕು, ನಡುವಿಗೆ ಹಗ್ಗ. ಹಿಂದಕ್ಕೆ ವಾಲಬೇಕು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

"ಕೆಳಗ ನೋಡಲ್ಯೋ ಬ್ಯಾಡೋ?" ಎಂದು ಕೇಳಿದೆ.

"ನೋಡು. ಒದರು. ಅಳು. ಬೇಕಾರ ನಂಗ ಬೈ. ಹಗ್ಗ ಒಂದ ಬಿಡಬ್ಯಾಡ," ಎಂದ ಪಿರಾಜಿ.

ಬೈದೆ. ಅವನನ್ನಲ್ಲ. ಕಸ್ತೂರಿಯ ಹೆಸರು ಹಿಡಿದು, ಕಣಿವೆಯ ಆಚೆ ದಡದವರೆಗೂ ಕೇಳುವಂತೆ, ನನ್ನ ಅವ್ವ ಕೇಳಿದ್ದರೆ ಬಾಯಿಗೆ ಮೆಣಸಿನಕಾಯಿ ಇಡುತ್ತಿದ್ದಳು, ಅಂಥ ಮಾತು. ಬೈಯುತ್ತಲೇ ಹಿಂದಕ್ಕೆ ವಾಲಿದೆ. ಹಗ್ಗ ಬಿಗಿಯಾಯಿತು. ಬಿದ್ದಿರಲಿಲ್ಲ. ಒಂದು ಹೆಜ್ಜೆ, ಇನ್ನೊಂದು. ಅರ್ಧ ದಾರಿಯಲ್ಲಿ ಒಂದು ಹದ್ದು ನನ್ನ ಕಾಲುಗಳ ಕೆಳಗೆ ಹಾದುಹೋಯಿತು. ಹದ್ದಿನ ಬೆನ್ನು ನಾನು ಯಾವತ್ತೂ ನೋಡಿರಲಿಲ್ಲ, ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು. ಅದು ರೆಕ್ಕೆ ಬಡಿಯದೆ ತಿರುಗುವುದನ್ನೇ ನೋಡುತ್ತ ನಿಂತೆ. ಆ ಸ್ವಲ್ಪ ಹೊತ್ತು ನನಗೆ ಗಂಡನೂ ಇರಲಿಲ್ಲ, ಕಸ್ತೂರಿಯೂ ಇರಲಿಲ್ಲ. ನನ್ನ ಬಾಯಿಂದ ಬರುತ್ತಿದ್ದ ಸದ್ದು ಬೈಗುಳವೋ ನಗುವೋ ನನಗೇ ತಿಳಿಯಲಿಲ್ಲ.

ಕಾಲು ಮರಳಿಗೆ ತಾಗಿದ ಕೂಡಲೇ ಎಲ್ಲ ನೆನಪಿಗೆ ಬಂತು.

"ಏನ ನೆನಸಕೊಂಡು ಇಳದಿ ತಂಗಿ?" ಎಂದು ಪಿರಾಜಿ ಆಮೇಲೆ ಕೇಳಿದ.

"ಒಂದು ರೊಟ್ಟಿ," ಎಂದೆ. ಹಸಿವಾಗಿದೆ ಎಂದುಕೊಂಡು ಮುಷ್ಟಿ ತುಂಬ ಶೇಂಗಾ ಕೊಟ್ಟ.

ಊರಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಜೋರು ಗಾಳಿ. ಸರಪಳಿಗಳೆಲ್ಲ ಕಿರಗುಟ್ಟುತ್ತಿದ್ದವು, ಮನೆಗಳು ಗೂಟಕ್ಕೆ ಕಟ್ಟಿದ ಎಮ್ಮೆಗಳಂತೆ ಅತ್ತಿತ್ತ ಎಳೆದಾಡುತ್ತಿದ್ದವು. ಬಸಲಿಂಗವ್ವ ತಳಮನೆಯ ಬಾಗಿಲಲ್ಲೇ ಹಿಡಿದಳು. "ನಿನ್ನ ಗಂಡ ಇವತ್ತ ಹನ್ನೆರಡಕ್ಕ ಅಂಗಡಿ ಮುಚ್ಚಿದ. ಆಕಿನೂ ಹಲಗಿ ದಾಟಿ ಒಳಗ ಹೋದಾಕಿ ಇನ್ನೂ ಹೊರಗ ಬಂದಿಲ್ಲ. ನಾ ಸುಳ್ಳು ಹೇಳಾಕಿ ಅಲ್ಲ."

ಗಂಟು ಅವಳ ಕಾಲ ಬಳಿ ಹಾಕಿ ಹೋಗಿ ಏಣಿಗೆ ಕೈ ಹಚ್ಚಿದೆ. ಇರುವೆಗಳು ಬಂದವು. ಬರಲಿ ಎಂದು ಹತ್ತಿದೆ. ಗಾಳಿಗೆ ಏಣಿ ತಿರುಚಿಕೊಳ್ಳುತ್ತಿತ್ತು, ಪೇಟೆಯ ತಗಡಿನ ಚಾವಣಿಗಳು ಕೆಳಗೆ ಸಣ್ಣದಾದವು, ತೆಂಗಿನ ಗರಿ ಬೆನ್ನಿಗೆ ಬಡಿದು ಹಿಂದೆ ಸರಿಯಿತು. ಜೇನುಗೂಡಿನ ಪಕ್ಕದಲ್ಲೇ ಹಾದುಹೋದೆ. ಹೊಸ್ತಿಲಿಗೆ ಕೈ ಸಿಗುವ ಹೊತ್ತಿಗೆ ಒಳಗಿನಿಂದ ಕಸ್ತೂರಿಯ ದನಿ ಕೇಳಿಸಿತು.

"ಕಣ್ಣು ಮುಚ್ಚಬ್ಯಾಡ್ರಿ ಮೌಲಾಸಾಬ್ರ. ನನ್ನ ಕಡೆ ನೋಡ್ರಿ. ಹಾಂ, ಹಂಗ. ನನ್ನನ್ನ ನೋಡ್ರಿ."

ಹೊಸ್ತಿಲ ಮೇಲೆ ಹೊಟ್ಟೆ ಎಳೆದುಕೊಂಡು ಎದ್ದು ನಿಂತು ಬಾಗಿಲನ್ನು ಒದ್ದೆ.

ಮೌಲಾಸಾಬ ನಡುಮನೆಯ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ನೆಲದ ಮೇಲೆ ಕೂತಿದ್ದ. ನಡುವಿಗೆ ಗಾದಿ ಕಟ್ಟುವ ಹಗ್ಗ ಸುತ್ತಿ ಕಂಬಕ್ಕೆ ಗಂಟು ಹಾಕಿಕೊಂಡಿದ್ದ. ಮುಖದ ಮೇಲೆ ಬೆವರು ಸುರಿಯುತ್ತಿತ್ತು. ಮನೆ ಒಮ್ಮೆ ವಾಲಿದಾಗ ಅವನ ಬಾಯಿಂದ ಆ ಸಣ್ಣ, ಉಸಿರು ಕಟ್ಟಿದ ಸದ್ದು ಬಂತು. ಕೆಳಗಿನಿಂದ ನಾನು ನಗು ಎಂದುಕೊಂಡಿದ್ದ ಸದ್ದು. ಕಸ್ತೂರಿ ಅವನಿಂದ ದೂರ, ಅಡಿಗೆಮನೆಯ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮೊರದಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

ಮೊದಲು ಮಾತಾಡಿದ್ದು ಅವನು. "ಹೆಂಗ ಬಂದಿ?" ಎಂದ.

"ಏಣಿ ಹತ್ತಿ," ಎಂದೆ.

ಕಸ್ತೂರಿ ಮೊರ ಕೆಳಗಿಟ್ಟು ಎದ್ದಳು. "ನೀ ಬಂದಿಯಲ್ಲ, ಇನ್ನ ನಾ ಹೊಕ್ಕೇನಿ," ಎಂದು ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದಳು. ಹಲಗೆಯ ಮೇಲೆ ಅವಳ ಹೆಜ್ಜೆಗಳು ಸಲೀಸಾಗಿ ದೂರವಾದವು.

ಮೌಲಾಸಾಬ ಕಂಬ ಬಿಡದೆಯೇ ಹೇಳಿದ. ಚಿಕ್ಕಂದಿನಿಂದ ಅವನಿಗೆ ಹೀಗೇ. ಅವನ ಅವ್ವನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮದುವೆಗೆ ಮೊದಲು ಬೆನ್ನುನೋವು ಎಂದು ಸುಳ್ಳು ಹೇಳಿ ಗಾಳಿಯ ಕಾಲವನ್ನು ಅಂಗಡಿಯಲ್ಲೇ ಕಳೆಯುತ್ತಿದ್ದನಂತೆ. ಸಂಜೆ ಗಾಳಿ ಎದ್ದ ಮೇಲೆ ಏಣಿ ಮುಟ್ಟಲಾಗುವುದಿಲ್ಲ, ಅದಕ್ಕೇ ಹಗಲಲ್ಲೇ ಹತ್ತಿಬಿಡುವುದು. ಒಲೆ ಇರುವುದು ಕಿಟಕಿಯ ಪಕ್ಕ, ಈ ಸಲ ಅದರ ಹತ್ತಿರ ಹೋಗಲೂ ಆಗಲಿಲ್ಲ. ಅವನು ಕೂಗಿಕೊಂಡದ್ದು ಕೇಳಿ ಕಸ್ತೂರಿ ಓಡಿಬಂದಿದ್ದಳು. ಅವತ್ತಿನಿಂದ ದಿನಾ ಬಂದು ರೊಟ್ಟಿ ಮಾಡಿಟ್ಟು, ಊರಿನ ಸುದ್ದಿ ಹೇಳುತ್ತ ಕೂರುತ್ತಾಳೆ.

ನಾನು ಕೇಳುತ್ತ ನಿಂತಿದ್ದೆ. ನಿಶ್ಚಿಂತೆಯಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಆ ಮೊದಲ ವರ್ಷಗಳಲ್ಲಿ ತಳಮನೆಯಲ್ಲಿ ನನ್ನ ಪಕ್ಕ ಮಲಗಿದ್ದು ನನಗಾಗಿ ಅಲ್ಲ.

"ನಂಗ ಯಾಕ ಹೇಳಲಿಲ್ಲ?" ಎಂದೆ. "ನಾನೂ ಅಂಜಾಕಿ ಅಲ್ಲೇನ? ನನಗಿಂತ ಛಲೋ ಯಾರಿಗಿ ತಿಳೀತಿತ್ತು?"

"ಇಬ್ಬರೂ ಅಂಜಿದ್ರ ಮನಿ ಹೋಗತಿತ್ತಲ್ಲ ದಾವಲಬಿ. ಒಬ್ಬರಾದರೂ ಅಂಜಲಾರದವರು ಅನಿಸಿಕೋಬೇಕಾಗಿತ್ತು."

"ಆಕಿಗಿ ಹೇಳಿದ್ಯಲ್ಲ."

"ಹೇಳಲಿಲ್ಲ. ಆಕಿ ನೋಡಿದ್ಲು."

ಇವರಿಬ್ಬರನ್ನು ಒಂದೇ ಹಾಸಿಗೆಯಲ್ಲಿ ಕಂಡಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ ಎಂದು ಆ ಹೊತ್ತಿಗೆ ಅನ್ನಿಸಿತು. ಅವನ ಮೈ ನನಗೆ ಗೊತ್ತಿತ್ತು. ಈ ನಡುಗುವ ಮನುಷ್ಯ ಗೊತ್ತಿರಲಿಲ್ಲ. ಅವನನ್ನು ದಿನಾ ಕತ್ತಲಾಗುವವರೆಗೆ ಮೆಂತ್ಯೆ ಸೋಸುತ್ತ ನೋಡಿದವಳು ಅವಳು.

ಪಕ್ಕದಲ್ಲಿ ಹೋಗಿ ಕೂತೆ. ಹುಬ್ಬಿನಿಂದ ಹತ್ತಿಯ ಎಳೆ ತೆಗೆದೆ. ಅವನ ಕೈ ಮಂಜಿನಂತಿತ್ತು. ಪಿರಾಜಿ ಹೇಳಿದ್ದನ್ನು ಹೇಳಿದೆ, ನೋಡು, ಒದರು, ಬೈ ಎಂದು. ಅವನು ತಲೆಯಾಡಿಸಿದ. ತೂಗುಸೇತುವೆಯ ಕತೆ ಹೇಳಿದೆ. ಅದು ಕೇಳಿ ಇನ್ನೂ ಬೆವರಿದ. "ನಾಳಿಂದ ನೀ ಕೆಳಗ ಮಲಕೋ, ನಾ ಇಲ್ಲಿ ಇರ್ತೇನಿ," ಎಂದೆ. "ನಾಳಿ ಇರಲಿ," ಎಂದ, "ಈಗ ಈ ಗಾಳ್ಯಾಗ ನಾ ಏಣಿಗಿ ಕಾಲ ಇಡಲಾರೆ." ಮನೆ ಮತ್ತೊಮ್ಮೆ ವಾಲಿತು, ಪಾತ್ರೆಗಳು ಜಾರಿದವು, ಅವನು ಕಂಬಕ್ಕೆ ಹಣೆ ಬಡಿದುಕೊಂಡ. ನಾನು ಅವನ ತಲೆಯನ್ನು ಎದೆಗೆ ಒತ್ತಿಕೊಂಡೆ. ಅವನ ನಡುಕ ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಮುಖ ನೋಡದೆ, ಅವನು ಕೇಳಿದ: "ಆಕಿ ಹೋದಳೇನ?"

ನಾನು ಎದ್ದೆ.

ಹೊರಗೆ ಇನ್ನೂ ಬೆಳಕಿತ್ತು. ಹಲಗೆ ಎರಡು ಗೇಣು ಅಗಲ, ಹಿಡಿಯಲು ಒಂದೇ ಬದಿಗೆ ಹಗ್ಗ, ಅದೂ ಸಡಿಲ. ಎರಡು ಮನೆಗಳೂ ಬೇರೆ ಬೇರೆ ತಾಳಕ್ಕೆ ಏರಿಳಿಯುತ್ತಿದ್ದವು. ಕರಿಕಣಿವೆಯಲ್ಲಿ ನಡುವಿಗೆ ಹಗ್ಗವಿತ್ತು, ಜೊತೆಗೆ ಪಿರಾಜಿ ಇದ್ದ, ಬೈಯಲು ಕಸ್ತೂರಿ ಇದ್ದಳು. ಈಗ ಅವಳನ್ನು ಬೈಯುತ್ತ ಅವಳ ಮನೆಗೆ ಹೋಗುವುದು ಹೇಗೆ? ಬಾಯಿ ಮುಚ್ಚಿಕೊಂಡು ಕಾಲಿಟ್ಟೆ. ನಡುವೆ ಹಲಗೆ ನನ್ನ ಭಾರಕ್ಕೆ ಬಾಗಿತು. ಕೆಳಗೆ ಬಸಲಿಂಗವ್ವ ಕತ್ತೆತ್ತಿ, ಬಾಯಿ ತೆರೆದು ನಿಂತಿದ್ದಳು. ಅವಳನ್ನು ಚೆನ್ನಾಗಿ ನೋಡಿಯೇ ಮುಂದೆ ಹೋದೆ.

ಕಸ್ತೂರಿ ಬಾಗಿಲು ತೆರೆದಳು. ನನ್ನನ್ನು ನೋಡಿದಳು, ನನ್ನ ಹಿಂದಿನ ಹಲಗೆ ನೋಡಿದಳು.

"ಬಾ," ಎಂದೆ. "ಅವನ ನಡುಕ ನಿಂದರವಲ್ದು. ನೀ ಹೆಂಗ ಸಮಾಧಾನ ಮಾಡ್ತಿ, ನಂಗ ತೋರಸು."

"ನಾ ಏನೂ ಮಾಡೂದಿಲ್ಲ ದಾವಲಬಿ. ಸುಮ್ಮನ ಮಾತಾಡಕೋತ ಕುಂದರ್ತೇನಿ."

"ಏನ ಮಾತಾಡ್ತಿ?"

"ಏನರ. ಯಾರ ಜಂಪರ ಬಿಗಿ ಆತು, ಯಾರದ ಸಡ್ಲ ಆತು." ಅವಳು ಸೆರಗು ಸಿಕ್ಕಿಸಿಕೊಂಡಳು. "ಮುಟ್ಟಬಾರದು ನೋಡು. ಮುಟ್ಟಿದ್ರ ಇನ್ನೂ ಅಂಜತಾರ."

ನನಗೆ ಗೊತ್ತಿಲ್ಲದ ನನ್ನ ಗಂಡನ ಸಂಗತಿಯೊಂದನ್ನು ಅವಳು ಬಾಗಿಲಲ್ಲಿ ನಿಂತು ಸಲೀಸಾಗಿ ಹೇಳಿದಳು. ನಾನು ನುಂಗಿಕೊಂಡೆ. ಅವಳು ಮುಂದೆ ಹೊರಟಳು. ಕಾಲ ಕಡೆ ನೋಡಲೂ ಇಲ್ಲ, ಹಗ್ಗ ಹಿಡಿಯಲೂ ಇಲ್ಲ, ಮನೆ ಅತ್ತ ಸರಿದರೆ ಅವಳೂ ಅತ್ತ ಸರಿದು, ಇತ್ತ ಬಂದರೆ ಇತ್ತ ಬಂದು ನಡೆದಳು. ಆ ನಡಿಗೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಹೆಜ್ಜೆ ಬಿದ್ದಲ್ಲೇ ಹೆಜ್ಜೆಯಿಡುತ್ತ ಹಿಂದೆ ಹೋದೆ.

ಹಲಗೆಯ ಸದ್ದು ಕೇಳಿ ಒಳಗಿನಿಂದ ಮೌಲಾಸಾಬ, "ಯಾರದು?" ಎಂದು ಕೂಗಿದ.

ಕಸ್ತೂರಿ ಹೊಸ್ತಿಲಲ್ಲಿ ನಿಂತಳು. ತಿರುಗಿ ನನ್ನ ಮುಖ ನೋಡಿದಳು. ಒಳಗೆ ಹೋಗಲಿಲ್ಲ.

"ನಾವು," ಎಂದೆ ನಾನು.